ನೀಲವ್ವ ತುಂಬಿದ ಉಡಿ

ಖಟಕ್, ಖಟಕ್ ಎಂದು ನೀಲವ್ವನ ಮಗ್ಗದ ಸದ್ದು ಗಜೇಂದ್ರಗಡದ ನಮ್ಮ ಹಿತ್ತಲಿನವರೆಗೂ ಕೇಳುತ್ತಿತ್ತು. ಈಗಲೂ ಹೊಸ ಸೀರೆಯ ಗಂಜಿ ವಾಸನೆ ಬಂದರೆ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ಅವ್ವ ತೀರಿಕೊಂಡ ವರ್ಷ. ಅಪ್ಪ ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟ್ ಬೋರ್ಡಿಂಗಿಗೆ ಬಿಡುವವರಿದ್ದರು. ಹೊರಡುವ ದಿನವೇ ನಾನು ಮನೆ ಬಿಟ್ಟು ಓಡಿದೆ. ನಾನೊಬ್ಬ ಪ್ರಿನ್ಸೆಸ್, ಗುಡ್ಡದ ಕೋಟೆಯಿಂದ ಎಸ್ಕೇಪ್ ಆದವಳು. ನೇಕಾರರ ಓಣಿಯ ಗಟಾರವೇ ಸಮುದ್ರ. ಆಚೆ ದಡದಲ್ಲಿ ನೀಲವ್ವನ ಮನೆ.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದವಳು ನಕ್ಕಳು.

“ಏನವಾ ಸಾವ್ಕಾರ್ರ ಮಗಳ, ಕಾಲಾಗ ಚಪ್ಪಲಿನೂ ಇಲ್ಲ?”

“ನಾ ಇನ್ನ ಇಲ್ಲೇ ಇರಾಕಿ. ನಿನ್ನ ಮಗಳಾಗಿ.”

ಅವಳ ನಗು ನಿಂತಿತು. ಮಗನ ಕಿವಿಯಲ್ಲಿ ಏನೋ ಹೇಳಿ ಅವನನ್ನು ಹೊರಗೆ ಕಳಿಸಿದಳು. ನನ್ನ ಕಾಲು ತೊಳೆದು, ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮವಿಟ್ಟಳು. ನನ್ನ ಫ್ರಾಕಿನ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಖಣ ತುಂಬಿದಳು.

“ಈಗ ನಾ ನಿಮ್ಮನಿ ಮಗಳ ಆದ್ನಿಲ್ಲ?”

“ಆದಿ ನನ್ನವ್ವ, ಖರೇನ ಆದಿ.”

ನಾನೆಷ್ಟು ಹ್ಯಾಪಿ ಆಗಿದ್ದೆನೆಂದರೆ, ಬಾಗಿಲಲ್ಲಿ ಟಾಂಗಾ ನಿಂತದ್ದೂ ಗೊತ್ತಾಗಲಿಲ್ಲ.

“ಲಗೂ ನಡಿ, ಬಸ್ ಹೋಗ್ತೈತಿ. ಇದೇನ್ ನೀಲವ್ವ, ಸಣ್ಣ ಹುಡುಗಿಗೆ ಉಡಿ?” ಎಂದರು ಅಪ್ಪ.

“ನಮ್ಮನಿ ಮಗಳ್ರೀ ಈಕಿ. ಬರೇ ಉಡೀಲೆ ಹ್ಯಾಂಗ ಕಳಸ್ಲಿ?”

ಕಳಿಸುವ ಮಾತು ಕೇಳಿದ್ದೇ ನಾನು ಹಿಡಿದಿದ್ದ ಫ್ರಾಕಿನ ಅಂಚು ಬಿಟ್ಟು ಅವಳ ಸೆರಗು ಹಿಡಿದೆ. ಅಕ್ಕಿಯೆಲ್ಲ ಚೆಲ್ಲಿತು. ಅಪ್ಪ ನನ್ನನ್ನು ಎತ್ತಿ ಟಾಂಗಾದಲ್ಲಿ ಕೂರಿಸಿದರು.

ಓಣಿ ತಿರುಗುವಾಗ ನೋಡಿದೆ. ನೀಲವ್ವ ಹೊಸ್ತಿಲಲ್ಲಿ ಮೊಣಕಾಲೂರಿ, ತಲೆ ಎತ್ತದೆ, ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳು ಆಯ್ದು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ.