ಹುಗ್ಗಿಯ ಗಡಿಗೆ

ಫೆವ್ರೋನ್ಯಾ ಶಾಲಿನಲ್ಲಿ ಸುತ್ತಿ ತಂದ ಬಿಸಿ ಗಡಿಗೆಯನ್ನು ಶಾಲೆಯ ಮೇಜಿನ ಮೇಲೆ ಇಟ್ಟಳು. ಬರಗಿನ ಹುಗ್ಗಿ, ಮೇಲೆ ಕೈತುಂಬ ಬೆಣ್ಣೆ.

"ನನ್ನ ಪ್ರೋಷ್ಕಾ ಬಾಲಬೋಧೆ ಪುಸ್ತಕ ಮುಗಿಸಿದ್ನಲ್ಲಮ್ಮ, ಅದಕ್ಕೆ."

ಟೀಚರ್ ಗ್ಲಫೀರಾ ಗಾಬರಿಯಾದಳು. ಜಿಲ್ಲಾ ಮಂಡಳಿ ಈ ಊರಲ್ಲಿ ಶಾಲೆ ತೆರೆದು ಅವಳನ್ನು ಪಟ್ಟಣದಿಂದ ಕಳಿಸಿದ್ದು ಈ ಚಳಿಗಾಲದಲ್ಲೇ. "ಬೇಡಿ, ತಗೊಂಡು ಹೋಗಿ. ಇನ್‌ಸ್ಪೆಕ್ಟರಿಗೆ ಗೊತ್ತಾದ್ರೆ ಲಂಚ ಅಂತಾರೆ. ಒಂದು ಬಾತುಕೋಳಿ ತಗೊಂಡಿದ್ದಕ್ಕೆ ನನ್ನ ಗೆಳತಿ ಕೆಲಸಾನೇ ಹೋಯ್ತು."

ಮೇಷ್ಟ್ರಿಗೆ ಕೊಟ್ಟ ಹುಗ್ಗಿ ವಾಪಸ್ಸು ಬಂದರೆ ಹುಡುಗ ದಡ್ಡ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಫೆವ್ರೋನ್ಯಾ ಗಡಿಗೆ ಎತ್ತಿಕೊಂಡು, ಕಣ್ಣೊರೆಸಿಕೊಳ್ಳುತ್ತ ನೇರವಾಗಿ ಸಿಸೋಯ್ ಮುದುಕನ ಬಳಿಗೆ ಹೋದಳು.

ಸಿಸೋಯ್ ಹಳೆಯ ಸಿಪಾಯಿ. ಶಾಲೆ ಬರುವ ಮೊದಲು ಊರ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವನು ಅವನೇ. ಬೇಸಿಗೆಯಲ್ಲಿ ದನ ಕಾಯುವವನಿಗೆ, ಚಳಿಗಾಲದಲ್ಲಿ ಮೇಷ್ಟ್ರಿಗೆ ಊರಿನ ಸರದಿ ಊಟ: ಇವತ್ತು ಈ ಮನೆ, ನಾಳೆ ಆ ಮನೆ. ಹೊಸ ಶಾಲೆ ಬಂತು, ಸರದಿ ನಿಂತಿತು. ಈಗ ಯಾರದೋ ಹಿತ್ತಿಲಿನ ಸ್ನಾನದ ಗುಡಿಸಲಿನಲ್ಲಿ ಮಲಗುತ್ತಾನೆ. ಉಳಿದಿದ್ದ ಆಸೆ ಒಂದೇ. ಶಾಲೆಯಿಲ್ಲದ ಲಿಪ್ಕಿ ಹಳ್ಳಿಯವರು, ಭಾನುವಾರ ಬಂಡಿ ತರುತ್ತೇವೆ, ನಮ್ಮ ಮಕ್ಕಳಿಗೆ ಹೇಳಿಕೊಡು ಅಂದಿದ್ದರು.

ಹುಗ್ಗಿಯ ವಾಸನೆಗೆ ಅವನ ಬಾಯಲ್ಲಿ ನೀರೂರಿತು. ಆದರೂ ಮುಟ್ಟಲಿಲ್ಲ. "ಕಲಿಸಿದೋಳು ಅವಳು. ಅವಳೇ ತಿನ್ಬೇಕು. ನಡಿ," ಎಂದು ಸಿಪಾಯಿ ಕೋಟು ತೊಟ್ಟು ಗಡಿಗೆ ಎತ್ತಿಕೊಂಡ.

"ಟೀಚರಮ್ಮ, ಇದು ಲಂಚ ಅಲ್ಲ," ಅಂದ ಶಾಲೆಯಲ್ಲಿ ಮಕ್ಕಳೆದುರಿಗೇ. "ಮೊದಲ ತುತ್ತು ಮೇಷ್ಟ್ರದ್ದು, ಮಿಕ್ಕಿದ್ದು ಮಕ್ಕಳದ್ದು. ತಿಂದು ಗಡಿಗೆ ಒಡೀಬೇಕು. ಒಡೀದಿದ್ರೆ ಕಲಿತಿದ್ದು ತಲೇಲಿ ನಿಲ್ಲಲ್ಲ. ನಮ್ಮೂರ ಪದ್ಧತಿ."

"ನಂಗೆ ಭಯ ತಾತ," ಅಂದಳು ಗ್ಲಫೀರಾ. "ಈ ಕೆಲಸ ಹೋದ್ರೆ ಹೋಗೋಕೆ ಒಂದು ಮನೆ ಇಲ್ಲ ನಂಗೆ. ಅಮ್ಮ ಬದುಕಿರೋದೂ ನನ್ನ ಸಂಬಳದ ಮೇಲೇನೇ."

ಮುದುಕ ಅವಳ ತೇಪೆ ಹಾಕಿದ ಬೂಟನ್ನೂ ಮುಖವನ್ನೂ ನೋಡಿದ. ಇಷ್ಟು ದಿನ ಅವಳ ಮೇಲೆ ಒಳಗೊಳಗೇ ಇಟ್ಟುಕೊಂಡಿದ್ದ ಸಿಟ್ಟು ಇಳಿದುಹೋಯಿತು.

"ಓಹೋ, ನನ್ನ ಹಾಗೆ ನಿಂದೂ ಇನ್ನೊಬ್ರ ಕೈಯ ಸರದಿ ಊಟಾನೇ ಅನ್ನು ಮಗಳೇ. ಹೆದರಬೇಡ. ಯಾರಾದ್ರೂ ಕೇಳಿದ್ರೆ, ಮುದುಕ ಕುಡಿದು ಬಂದು ಗಲಾಟೆ ಮಾಡಿ ಗಡಿಗೆ ಒಡೆದು ಹೋದ ಅಂದ್ಬಿಡು."

"ನೀವು ಕುಡಿಯೋದೇ ಇಲ್ವಲ್ಲ ಮೇಷ್ಟ್ರೇ!" ಪ್ರೋಷ್ಕಾ ಕೂಗಿದ. ಎಲ್ಲರೂ ನಕ್ಕರು. ಗ್ಲಫೀರಾಳೂ ನಗುತ್ತ ಮೊದಲ ತುತ್ತು ತಿಂದಳು. ಸಿಸೋಯ್ ಒಂದು ಅಗುಳೂ ತಿನ್ನದೆ, ಖಾಲಿ ಗಡಿಗೆಯನ್ನು ಹೊಸ್ತಿಲಿಗೆ ಅಪ್ಪಳಿಸಿ ಹೊರಟುಹೋದ.

ಶುಕ್ರವಾರ ಇನ್‌ಸ್ಪೆಕ್ಟರ್ ಬಂದರು. ಹಳ್ಳಿಯಲ್ಲಿ ಗುಟ್ಟು ಎಲ್ಲಿ ನಿಲ್ಲುತ್ತದೆ? ಹುಗ್ಗಿಯ ಸುದ್ದಿ ದಾರಿಯಲ್ಲೇ ಅವರ ಕಿವಿಗೆ ಬಿದ್ದಿತ್ತು.

"ಊರವರಿಂದ ಏನೋ ತಗೊಂಡ್ರಂತೆ?"

ಗ್ಲಫೀರಾ ಎದ್ದು ನಿಂತಳು. "ಇಲ್ಲ ಸಾಹೇಬ್ರೇ. ಸಿಸೋಯ್ ಅಂತ ಒಬ್ಬ, ಮೊದಲು ಇಲ್ಲಿ ಪಾಠ ಹೇಳ್ತಿದ್ದೋನು... ಕುಡಿದು ಬಂದು ಗಡಿಗೆ ಒಡೆದು ಹೋದ."

ಮಕ್ಕಳು ತಲೆ ತಗ್ಗಿಸಿದರು. ಪ್ರೋಷ್ಕಾ ಕೂಡ ಬಾಯಿ ಬಿಡಲಿಲ್ಲ.

"ಇಂಥವನ ಕೈಗೆ ಮಕ್ಕಳನ್ನ ಕೊಟ್ಟಿದ್ರಾ?" ಇನ್‌ಸ್ಪೆಕ್ಟರ್ ಜೊತೆಯಲ್ಲಿದ್ದ ಊರ ಹಿರಿಯನ ಕಡೆ ತಿರುಗಿದರು. "ಆ ಕುಡುಕ ಇನ್ನು ಸುತ್ತಮುತ್ತ ಎಲ್ಲೂ ಪಾಠ ಹೇಳಕೂಡದು. ಎಲ್ಲ ಹಳ್ಳಿಗಳಿಗೂ ಇವತ್ತೇ ಹೇಳಿಕಳಿಸಿ."

ಗ್ಲಫೀರಾ ಏನೋ ಹೇಳಲು ಬಾಯಿ ತೆರೆದಳು. ಅಮ್ಮನ ನೆನಪಾಗಿ, ಹಾಜರಿ ಪುಸ್ತಕವನ್ನು ಅವರ ಮುಂದಿಟ್ಟಳು.

ಭಾನುವಾರ ಸಂಜೆ ಅವಳು ಲಿಪ್ಕಿಯ ದಾರಿಯಲ್ಲಿ ಬಂದಾಗ ಸಿಸೋಯ್ ಊರಾಚೆಯ ರಸ್ತೆ ಬದಿಯಲ್ಲಿ ತನ್ನ ಗಂಟಿನ ಮೇಲೆ ಕೂತಿದ್ದ. ಗಡ್ಡ ಬೋಳಿಸಿಕೊಂಡು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ.

"ಇಲ್ಲಿ ಯಾಕೆ ಕೂತಿದ್ದೀರಿ ತಾತ?" ಎಂದು ಕೇಳಿದಳು.

"ಲಿಪ್ಕಿ ಬಂಡಿಗೆ ಕಾಯ್ತಿದ್ದೀನಿ ಮಗಳೇ. ಹಿಮ ಬಿದ್ದು ದಾರಿ ಮುಚ್ಚಿರ್ಬೇಕು, ಬರ್ತಾರೆ. ಚಳಿ ಜಾಸ್ತಿ, ನೀನು ಮನೆಗೆ ಹೋಗು."

ಹಿಮ ಬಿದ್ದು ವಾರದ ಮೇಲಾಗಿತ್ತು, ದಾರಿ ತೆರೆದೇ ಇತ್ತು.