ಕುದುರೆ ಹತ್ತಿ ಎಲ್ಲಿಗೆ ಹೋದ?

ಕತ್ತಿ ಗಂಟಲಿಗೆ ಬಂದು ನಿಂತಿತ್ತು. ಅಂಥ ಹೊತ್ತಿನಲ್ಲಿ ಬುದ್ಧಿಯಿರುವ ಯಾರೂ ಬಾಯಿ ಬಿಡುವುದಿಲ್ಲ. ಈಶ್ವರಯ್ಯನವರು ಬಿಟ್ಟರು.

“ಕುದುರೆ ಸಿನಿಮಾ ನೋಡೋನಿಗೆ ಮಗಳನ್ನ ಕೊಡೋ ಬದ್ಲು, ಕುದುರೆಗೇ ಕೊಟ್ಬುಡ್ತೀನಿ ಕಣಯ್ಯ.”

ಪರಮೇಶನ ಕೈ ಅಲ್ಲೇ ನಿಂತಿತು.

ಅರಕಲಗೂಡಿನ ಬಸ್ ನಿಲ್ದಾಣದ ಎದುರಿಗಿದ್ದ ಆ ಕ್ಷೌರದಂಗಡಿಯಲ್ಲಿ ಆಗ ಇದ್ದವರು ಇಬ್ಬರೇ. ಅಂಗಡಿಯ ಯಜಮಾನ ಗಂಗಯ್ಯ ಟೀ ಕುಡಿಯಲು ಹೋಟೆಲಿಗೆ ಹೋಗಿದ್ದ. ಹೆಗಲಿಗೆ ಟವೆಲ್ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಪರಮೇಶನನ್ನು ಕಂಡು ಈಶ್ವರಯ್ಯ ನೇರವಾಗಿ ಕುರ್ಚಿಗೆ ಬಿದ್ದಿದ್ದರು.

“ಗಂಗಯ್ಯ ಎಲ್ಲಯ್ಯ? ನೀನು ಹೊಸಬನಾ?”

“ಇವತ್ತೇ ಬಂದೆ ಸಾ.”

“ಬೇಗ ಮಾಡು. ನಮ್ಮ ಯಶಸ್ವಿನಿನ ನೋಡಕ್ಕೆ ಹೊಳೆನರಸೀಪುರದೋರು ಬತ್ತಾವ್ರೆ.”

ಆ ಹೆಸರು ಕೇಳಿದ ಮೇಲೆಯೇ ಪರಮೇಶ ಬ್ರಷ್ ಎತ್ತಿಕೊಂಡದ್ದು.

ಯಶಸ್ವಿನಿ ಎಂಬುದು ಅವನಿಗೆ ಬರೀ ಹೆಸರಲ್ಲ. ನಿನ್ನೆ ಸಂಜೆಯೂ ಫೋನಿನಲ್ಲಿ ಜಗಳವಾಡಿದ್ದಳು. ಅವನ ಮೆಚ್ಚಿನ ಕುದುರೆ ಸಿನಿಮಾದ ಕೌಬಾಯ್‌ಗಳು ಬಂದೂಕು ತೆಗೆಯುವ ಮೊದಲು ಕಣ್ಣು ಕಿರಿದು ಮಾಡುವುದರಲ್ಲೇ ಅರ್ಧ ಸಿನಿಮಾ ಮುಗಿಸುತ್ತಾರಂತೆ. ಅಷ್ಟರಲ್ಲಿ ಅವಳ ಆ್ಯಕ್ಷನ್ ಹೀರೋ ಒಂದು ಬಡಾವಣೆಯನ್ನೇ ಮಲಗಿಸಿರುತ್ತಾನಂತೆ. ಯಾರ ಜೊತೆಗೂ ಜಗಳವಾಡಿ ಅವನು ಇಷ್ಟು ಸುಖಪಟ್ಟಿರಲಿಲ್ಲ. ಈ ಫೋನಿನ ಸಂಗತಿ ಅವಳ ಅಪ್ಪನಿಗೆ ಗೊತ್ತಿರಲಿಲ್ಲ. ಅವಳು ತನಗೆ ಸಿಗುತ್ತಾಳೋ ಇಲ್ಲವೋ ಎಂಬುದು ಮಾತ್ರ ಈಗ ಈ ನೊರೆ ಮೆತ್ತಿದ ಬಾಯಿಯ ಮೇಲೆ ನಿಂತಿತ್ತು. ಆ ಬಾಯಿಯ ಕೆಳಗೆ ಗಂಟಲು. ಗಂಟಲ ಮೇಲೆ ಕತ್ತಿ.

“ಹುಡುಗನ್ನ ನೋಡಿದೀರಾ ಸಾ?”

“ಫೋಟೋ ಕಳಿಸಿದ್ರು. ಕೊಡೆಯಷ್ಟು ಅಗಲ ಟೋಪಿ, ಎದೆ ಮುಟ್ಟೋ ಗಡ್ಡ, ಬಾಯಾಗೊಂದು ಹುಲ್ಲುಕಡ್ಡಿ. ಮುಖ ಎಲ್ಲೈತೆ ಅಂತ ಹುಡುಕ್ಬೇಕು. ನಮ್ಮನೆಯೋಳು ನೀಲಾಂಬಿಕೆ ನೋಡ್ಬುಟ್ಟು, ‘ಹುಡುಗ ದನ ಕಾಯ್ತಾನಾ?’ ಅಂತ ಕೇಳಿದ್ಲು.”

“ನೀವೇನಂದ್ರಿ?”

“ಇಂಜಿನಿಯರಿಂಗ್ ಓದವ್ನೆ, ಶೋಕಿಗೆ ದನ ಕಾಯೋನ ವೇಷ ಹಾಕವ್ನೆ ಅಂದೆ. ಕಾಫಿ ಕೊಟ್ಟು ಕಳಿಸ್ಬುಡೋದು ಅಂತ ತೀರ್ಮಾನ ಆಗೋಗೈತೆ.”

ಚುರುಕ್ಕೆಂದಿತು. ನೊರೆಯ ಮೇಲೆ ಒಂದು ಕೆಂಪು ಗೆರೆ ಮೂಡಿತು.

“ಮೆಲ್ಲಕೆ ಕಣ್ಲಾ! ಪಟಿಕ ಹಚ್ಚು.”

ಪರಮೇಶ ಕಪಾಟು ನೋಡಿದ. ಕನ್ನಡಿಯ ಹಿಂದೆ ಕೈಯಾಡಿಸಿದ. ಪೌಡರ್ ಡಬ್ಬ ಬೀಳಿಸಿದ.

“ಎಡಗಡೆ ಡ್ರಾದಾಗೈತೆ. ಗಂಗಯ್ಯ ಏನೂ ಹೇಳಿಕೊಟ್ಟಿಲ್ವೇನ್ಲಾ?”

ಪಟಿಕ ಸಿಕ್ಕಿತು. ಗಾಯಕ್ಕೆ ಉಜ್ಜಿದ. ಹಾಗೆಯೇ ಉರಿಯುತ್ತಿದ್ದ ತನ್ನ ಗಲ್ಲವನ್ನೂ ಒಮ್ಮೆ ಸವರಿಕೊಂಡು ಕೇಳಿದ: “ಆ ಸಿನಿಮಾಗಳ ಮೇಲೆ ಯಾಕೆ ಸಾ ಇಷ್ಟು ಸಿಟ್ಟು?”

“ಸಿಟ್ಟಲ್ಲಪ್ಪ, ಲೆಕ್ಕ. ಊರು ಅಂತ ತೋರಿಸ್ತಾರೆ. ನಾಕು ಮನೆ, ಒಂದು ಹೆಂಡದಂಗಡಿ. ಹೊಲ ಇಲ್ಲ, ಗದ್ದೆ ಇಲ್ಲ. ಒಬ್ಬನಾದ್ರೂ ಉತ್ತಿದ್ದು ನೋಡಿದ್ದೀಯಾ? ಊಟಕ್ಕೇನು ಬಂದೂಕಿನ ಹೊಗೆ ತಿಂತಾರಾ? ಇನ್ನು ಆ ಆ್ಯಕ್ಷನ್ ಸಿನಿಮಾ. ರೌಡಿಗಳು ರೇಷನ್ ಅಂಗಡಿ ಮುಂದೆ ನಿಂತಂಗೆ ಸಾಲಾಗಿ ನಿಂತ್ಕಂಡು, ಒಬ್ಬೊಬ್ರಾಗಿ ಬಂದು ಹೊಡೆಸ್ಕಂಡು ಹೋಗ್ತಾರೆ. ಎಲ್ಲಾರೂ ಒಟ್ಟಿಗೆ ಮೇಲೆ ಬಿದ್ರೆ ಹೀರೋ ಇರ್ತಾನಾ?”

“ಇಷ್ಟೆಲ್ಲ ಯಾವಾಗ ನೋಡಿದ್ರಿ?”

ಈಶ್ವರಯ್ಯ ಕನ್ನಡಿಯಿಂದ ಕಣ್ಣು ತಪ್ಪಿಸಿದರು. “ಹಾಸನದಾಗೆ ಓದೋವಾಗ. ಕ್ಲಾಸಿಗೆ ಚಕ್ಕರ್ ಹೊಡ್ದು. ಒಂದೂ ಬಿಟ್ಟಿಲ್ಲ.”

ಪರಮೇಶನಿಗೆ ನಗು ಬಂತು. ಕತ್ತಿ ಕೈಯಲ್ಲಿದೆಯೆಂದು ನುಂಗಿಕೊಂಡ.

“ಅದ್ಕೇ ಹೇಳ್ತಿರೋದು,” ಈಶ್ವರಯ್ಯ ಕುರ್ಚಿಯಲ್ಲಿ ಅರ್ಧ ಎದ್ದರು. “ಕೊನೇಲಿ ಏನಾಯ್ತದೆ? ಕಳ್ಳರನ್ನೆಲ್ಲ ಹೊಡೆದಾಕ್ತಾನೆ. ಆ ಹೆಣ್ಣುಮಗು ಬಾಗಿಲಾಗೆ ನಿಂತಿರ್ತದೆ. ಈ ನನ್ಮಗ ತಿರುಗಿ ಕೂಡಾ ನೋಡ್ದೆ ಕುದುರೆ ಹತ್ಕಂಡು ಹೊಂಟೋಯ್ತಾನೆ. ಜನ ಚಪ್ಪಾಳೆ ಹೊಡೀತಾರೆ. ನಾನೂ ಹೊಡ್ದಿದ್ದೀನಿ, ಸುಳ್ಯಾಕೆ? ಆಗ ನಾನು ಕುದುರೆ ಮೇಲಿನೋನು. ಈಗ ಬಾಗಿಲಾಗೆ ನಿಂತಿರೋಳು ನನ್ನ ಮಗಳು ಕಣಯ್ಯ.”

ಬಸ್ಸೊಂದು ಹಾರ್ನ್ ಬಾರಿಸಿಕೊಂಡು ಹೋಯಿತು. ಪರಮೇಶ ಕತ್ತಿಯ ನೊರೆಯನ್ನು ಕಾಗದಕ್ಕೆ ಒರೆಸಿದ. ಇನ್ನೊಂದು ಸಲ ಒರೆಸಿದ. ಒರೆಸಲು ಅಲ್ಲಿ ಏನೂ ಉಳಿದಿರಲಿಲ್ಲ.

“ಹೋದ ಅಂತ ಮಾತ್ರ ತೋರಿಸ್ತಾರೆ ಸಾ. ಎಲ್ಲಿಗೆ ಹೋದ ಅಂತ ತೋರಿಸಲ್ಲ.”

“ಎಲ್ಲಿಗೆ ಹೋಗ್ತಾನೆ?”

“ಸಿನಿಮಾ ಪೂರ್ತಿ ಸ್ನಾನ ಇಲ್ಲ. ಗಡ್ಡ ಬೇರೆ ಬಿಟ್ಟವ್ನೆ. ಆ ಮುಖ ಹೊತ್ಕೊಂಡು ಹೋಗಿ ಹೆಣ್ಣು ಕೇಳಕ್ಕಾಗ್ತದಾ? ಗಡ್ಡ ತೆಗೆಸ್ಕೊಂಡು ಬರೋಣ ಅಂತ ಹೋಗಿರ್ತಾನೆ. ನೀವು ಲೈಟ್ ಹತ್ತಿತು ಅಂತ ಎದ್ದು ಬಂದ್ಬುಡ್ತೀರ.”

ಈಶ್ವರಯ್ಯ ನಕ್ಕ ರಭಸಕ್ಕೆ ನೊರೆ ಹಾರಿ ಕನ್ನಡಿಗೆ ಬಡಿಯಿತು. ಪರಮೇಶ ಸಮಯಕ್ಕೆ ಕತ್ತಿ ಎಳೆದುಕೊಳ್ಳದಿದ್ದರೆ ಮೂಗಿಗೂ ಪಟಿಕ ಬೇಕಾಗುತ್ತಿತ್ತು.

“ಭಲೇ ಆಸಾಮಿ ಕಣಯ್ಯ ನೀನು! ಆ ಟೋಪಿ ಹುಡುಗನಿಗೆ ನಿನ್ನ ಬಾಯಾಗೆ ಅರ್ಧ ಇದ್ರೂ ಸಾಕು. ಆಯ್ತು, ಕಾಫಿ ಜೊತೆ ಉಪ್ಪಿಟ್ಟೂ ಕೊಡುವ. ಕೂರಿಸ್ಕಂಡು ನಾಕು ಮಾತಾಡ್ತೀನಿ. ಹೂಂ, ಆ ಕಡೆ ಕೆನ್ನೆ ಮುಗಿಸು.”

ಆಗ ಗಂಗಯ್ಯ ಒಳಗೆ ಬಂದ. ಬಾಗಿಲಲ್ಲೇ ನಿಂತ. ಬಾಯಿಯಲ್ಲಿದ್ದ ಬೀಡಿ ಕೆಳಗೆ ಬಿತ್ತು.

“ಅಯ್ಯೋ ಸಾ, ನನ್ನ ಕತ್ತಿ ನಿಮ್ಮ ಕೈಗ್ಯಾಕ್ ಬಂತು? ನಿಮ್ಮ ಗಡ್ಡ ಬೋಳಿಸಿದ್ದಾಯ್ತಲ್ಲ, ಎದ್ದು ಓಗೋದಲ್ವಾ? ಓಟ್ಲಾಗೆ ನಿಮ್ಮವ್ವ ಕೂಗಾಡ್ತಾವ್ರೆ, ಎಣ್ಣಿನ ಮನೇಗೆ ಓಗಾಕೆ ಒತ್ತಾಯ್ತಂತೆ!”

ಕನ್ನಡಿಯಲ್ಲಿ ಇಬ್ಬರ ಕಣ್ಣೂ ಸೇರಿದವು. ಪರಮೇಶ ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟು ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

“ಅರ್ಧಕ್ಕೆ ಬಿಟ್ಟು ಹೊಂಟೋಗ್ಬ್ಯಾಡಿ ಅಳಿಯಂದ್ರೇ,” ಎಂದರು ಈಶ್ವರಯ್ಯ, “ಈ ಕೆನ್ನೆ ಇನ್ನೂ ಬಾಕಿ ಐತೆ.”