ಅಲುಗದ ಅಂಕಿ

"ಇಷ್ಟು ಒಳ್ಳೇ ರೀಡಿಂಗ್ ನನಗ್ಯಾಕೋ ಹಿಡಿಸ್ತಿಲ್ಲ," ಎಂದರು ಅತ್ತೆ.

ಕಂಟ್ರೋಲ್ ರೂಮಿನ ಪರದೆಯ ಮೇಲೆ 'ಮೈನಸ್ ನಲವತ್ತೆರಡು' ಅವರು ನೋಡುತ್ತಿದ್ದ ಇಪ್ಪತ್ತು ನಿಮಿಷವೂ ಕದಲದೆ ಕೂತಿತ್ತು. ಅಷ್ಟು ಡಿಗ್ರಿಗೆ ತಣ್ಣಗಾಗುವವರೆಗೂ ಒಂದು ಹನಿ ಇಬ್ಬನಿ ಕಟ್ಟದು, ಪೈಪನ್ನು ಒಣಗಿಸಲು ಅದರೊಳಗೆ ಹಾಯಿಸುತ್ತಿರುವ ಗಾಳಿ ಅಷ್ಟು ಒಣಗಿದೆ ಎಂದು ಅದರ ಅರ್ಥ. ನಿಯಮ ಕೇಳುವುದು ಮೈನಸ್ ನಲವತ್ತು. ಇನ್ನು ಕವಾಟ ತೆರೆದರೆ ಸಿಮೆಂಟ್ ಕುಲುಮೆಯ ಹೊಗೆ ಒಣಗಿಸುವ ಯಂತ್ರ ದಾಟಿ, ಈ ಪೈಪಿನ ಮೂಲಕ ಗೋಪುರಕ್ಕೆ ನುಗ್ಗುತ್ತದೆ. ಗೋಪುರದ ತುಂಬ ಸಾಬಕ್ಕಿ ಗಾತ್ರದ ಮಣಿಗಳು, ಎಂಬತ್ತು ಟನ್. ಹೊಗೆಯ ಇಂಗಾಲದ ಅನಿಲವನ್ನು ಹಿಡಿದಿಡುವುದು ಅವುಗಳ ಕೆಲಸ. ಆದರೆ ಅವಕ್ಕೆ ಅನಿಲಕ್ಕಿಂತ ನೀರಿನ ಮೇಲೇ ಮೋಹ. ತೇವ ಸೋಕಿತೋ, ಹಿಡಿದದ್ದನ್ನು ಬಿಟ್ಟು ನೀರನ್ನು ಅಪ್ಪಿಕೊಳ್ಳುತ್ತವೆ. ಪೈಪಿನಿಂದ ನೀರೇ ನುಗ್ಗಿದರೆ ಸಿಡಿದು ಹಿಟ್ಟಾಗುತ್ತವೆ. ಹೊಸ ಮಣಿ ಬರಲು ಎಂಟು ತಿಂಗಳು ಬೇಕು.

"ಅತ್ತೆ, ಹನ್ನೆರಡು ದಿನದ ರಿಪೇರಿ ಮುಗಿದು, ಕುಲುಮೆ ಹೊತ್ತಿಸಿ ಒಂದು ಗಂಟೆ ಆಯ್ತು. ಹೊಗೆ ಎಲ್ಲ ಸೀದಾ ಆಕಾಶಕ್ಕೆ ಹೋಗ್ತಿದೆ," ಎಂದರು ಮ್ಯಾನೇಜರ್. ಪ್ಲಾಂಟಿಗೆ ಪ್ಲಾಂಟೇ ಈ ಹಿರಿಯ ಆಪರೇಟರನ್ನು ಅತ್ತೆ ಎಂದು ಕರೆಯುತ್ತಿತ್ತು. ನಿಜಕ್ಕೂ ಅವರು ಅತ್ತೆಯಾಗಿದ್ದು ಒಬ್ಬನಿಗೆ ಮಾತ್ರ: ಪಕ್ಕದಲ್ಲೇ ನಿಂತಿದ್ದ ಮೀಟರ್ ಮೆಕ್ಯಾನಿಕ್‌ಗೆ.

"ಅಳಿಯಂದ್ರೇ, ಓಡೋ ಗಾಳಿ ಇಷ್ಟು ಹೊತ್ತು ಸುಮ್ಮನಿರುತ್ತಾ? ಒಂದು ಅಂಕಿ ಆಚೆ, ಒಂದು ಅಂಕಿ ಈಚೆ ಆಗಬೇಕಲ್ವಾ?"

"ಮೀಟರ್ ಹೋದ ತಿಂಗಳಷ್ಟೇ ತಪಾಸಣೆ ಆಗಿದೆ ಅತ್ತೆ. ಬೆಳಗ್ಗೆ ನಾನೇ ಎಲ್ಲ ನೋಡಿ ಸಹಿ ಹಾಕಿದೀನಿ. ಮನೇಲಿ ನನ್ನ ಮಾತು ನಂಬಲ್ಲ ಸರಿ, ಇಲ್ಲಾದರೂ ನಂಬಿ."

"ಮನೇಲಿ ನಿಮ್ಮ ಮಾತು ನಂಬಿ ಮೂರು ಸಲ ಕುಕ್ಕರ್ ರಿಪೇರಿಗೆ ಕೊಟ್ಟೆ," ಎಂದು ಅತ್ತೆ ಎದ್ದರು. "ಸಾರ್, ಐದು ನಿಮಿಷ ಕೊಡಿ."

ಪೈಪಿನ ಕೆಳಗೆ ನಿಂತು ಅವರು ಸ್ಟೋರಿನಿಂದ ತಂದ ಗಾಜಿನ ಬಾಟಲಿ ತೆರೆದರು. ಅದರಲ್ಲಿ ಅದೇ ಮಣಿಗಳಿದ್ದವು, ಒಣಗಿಸಿ ಮುಚ್ಚಿಟ್ಟವು. ತೆರೆಯುವಾಗ ಮುಖ ಆಚೆ ತಿರುಗಿಸಿ ಉಸಿರು ಬಿಗಿಹಿಡಿದರು. ಅಳಿಯನಿಗೆ ನಗು ಬಂತು. "ಮಣಿಗಳ ಮೇಲೂ ಮುನಿಸೇ ಅತ್ತೆ?"

ಅತ್ತೆ ಮಣಿಗಳನ್ನು ಒಂದು ಗಾಜಿನ ಕೊಳವೆಗೆ ತುಂಬಿ, ಪೈಪಿನ ತಪಾಸಣೆ ನಲ್ಲಿಗೆ ಸಿಕ್ಕಿಸಿ, ಗಾಳಿಯನ್ನು ಸಣ್ಣಗೆ ಬಿಟ್ಟರು. ಸ್ವಲ್ಪ ಹೊತ್ತು ಕಾದು, "ಹಿಡೀರಿ" ಎಂದರು.

ಅಳಿಯ ಕೊಳವೆ ಹಿಡಿದವನೇ ಕೈ ಕೊಡವಿದ. ಆಗ ತಾನೇ ಒಲೆಯಿಂದಿಳಿಸಿದ ಲೋಟದ ಹಾಗಿತ್ತು ಅದು. ಬೆಂಕಿ ಇಲ್ಲ, ತಂತಿ ಇಲ್ಲ. ಬರೀ ಗಾಳಿ. ಮ್ಯಾನೇಜರ್ ಕೂಡ ಬೆರಳು ಮುಟ್ಟಿಸಿ, ಅದೇ ಬೆರಳನ್ನು ನೋಡಿಕೊಂಡರು.

"ಗಾಳಿ ತಣ್ಣಗೇ ಇದೆ," ಎಂದರು ಅತ್ತೆ. "ಅದರೊಳಗಿನ ತೇವ ಕುಡಿದು ಮಣಿ ಕಾಯ್ತಿದೆ. ಒಣಗಾಳಿ ಆಗಿದ್ದರೆ ಬೆಚ್ಚಗೂ ಆಗ್ತಿರಲಿಲ್ಲ. ನಮ್ಮ ಉಸಿರಿನ ತೇವವನ್ನೂ ಇವು ಬಿಡಲ್ಲ."

ಪೈಪಿನ ತಳದ ತಿರುವಿನಲ್ಲಿದ್ದ ಬಿರಡೆ ಬಿಚ್ಚಿದರು. ನೀರು ಬಂತು. ರಿಪೇರಿಯಲ್ಲಿ ಹೊಸ ಪೈಪು ಹಾಕಿ, ಸೋರುತ್ತದೋ ಎಂದು ನೋಡಲು ತುಂಬಿದ್ದ ನೀರು. ಎಲ್ಲ ಬಸಿದಿದ್ದೇವೆ ಎಂದುಕೊಂಡಿದ್ದರು. ಅರ್ಧ ಬಕೆಟ್ ತುಂಬಿತು.

ಅಷ್ಟರಲ್ಲಿ ಅಳಿಯನ ಮುಖ ಬಿಳಿಚಿಕೊಂಡಿತು. ಅವನು ಮೀಟರಿನ ಬಳಿ ಓಡಿದ. ಪೈಪಿನಿಂದ ಮೀಟರಿಗೆ ಗಾಳಿ ಒಯ್ಯುವ ಪೆನ್ಸಿಲ್ ದಪ್ಪದ ನಳಿಕೆಯ ನಲ್ಲಿ ಮುಚ್ಚಿಯೇ ಇತ್ತು. ಪ್ಲಾಂಟ್ ನಿಲ್ಲಿಸಿದ ದಿನ ಮೀಟರಿಗೆ ತೇವ ತಾಗದಿರಲೆಂದು ನಳಿಕೆಗೆ ಒಣ ನೈಟ್ರೋಜನ್ ತುಂಬಿ ಮುಚ್ಚಿದವನು ಅವನೇ. ಮೀಟರ್ ಸುಳ್ಳು ಹೇಳಿರಲಿಲ್ಲ. ಹನ್ನೆರಡು ದಿನದಿಂದ ತನ್ನೊಳಗೆ ಸಿಕ್ಕಿಕೊಂಡಿದ್ದ ಆ ಒಂದು ಹಿಡಿ ನೈಟ್ರೋಜನ್ನನ್ನೇ ಅಳೆಯುತ್ತಾ ಕೂತಿತ್ತು.

ನಲ್ಲಿ ತಿರುಗಿಸಿದ. ಅಂಕಿಗೆ ಜೀವ ಬಂತು: ಮೈನಸ್ ಮೂವತ್ತು, ಮೈನಸ್ ಹತ್ತು, ಸೊನ್ನೆ, ಹದಿನಾಲ್ಕು.

"ಸಹಿ ಯಾರದು?" ಎಂದರು ಮ್ಯಾನೇಜರ್.

"ನಂದು ಸಾರ್." ಅವನು ತಪಾಸಣೆ ಪಟ್ಟಿ ತೆಗೆದು ಬೆಳಗಿನ ಸಹಿಯನ್ನು ಒಂದು ಗೆರೆಯಿಂದ ಹೊಡೆದು, ಕೆಳಗೆ ಬರೆದ: 'ನಲ್ಲಿ ತೆರೆದದ್ದು 10:25ಕ್ಕೆ. ಅಲ್ಲಿವರೆಗೆ ಮುಚ್ಚಿತ್ತು.' ಅತ್ತೆ ಅದನ್ನು ಓದಿದರು. ಪೆನ್ನು ಇಸಿದುಕೊಂಡು ಪಕ್ಕದಲ್ಲಿ ತಮ್ಮ ಸಹಿ ಹಾಕಿದರು.

ಪೈಪು ಒಣಗಲು ಸಂಜೆ ನಾಲ್ಕಾಯಿತು. ಪರದೆಯಲ್ಲಿ ಅಂಕಿ ಮೈನಸ್ ನಲವತ್ತೊಂದು, ನಲವತ್ತೆರಡು, ಮತ್ತೆ ನಲವತ್ತೊಂದು ಎಂದು ಮಿಸುಕಾಡುತ್ತಿತ್ತು. "ಹಾಂ, ಈಗ ಉಸಿರಾಡ್ತಿದೆ," ಎಂದು ಅತ್ತೆ ಕವಾಟ ತೆರೆದರು. ಹೊರಗೆ ಕುಲುಮೆಯ ಹೊಗೆ ಚಿಮಣಿ ಬಿಟ್ಟು ಗೋಪುರದ ಕಡೆ ತಿರುಗಿತು.

ಅಳಿಯ ಬಾಟಲಿ ಸ್ಟೋರಿಗೆ ಒಯ್ದ. ಒಂದೇ ಒಂದು ಮಣಿಯನ್ನು ಅಂಗೈಗೆ ಹಾಕಿಕೊಂಡು, ಬೆರಳ ತುದಿಯಿಂದ ಒಂದು ಹನಿ ನೀರು ಬಿಟ್ಟ. ಮಣಿ ಚುರ್ರೆಂದಿತು. ಅದರ ಮೈಯಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಎದ್ದವು. ಒಳಗಿದ್ದ ಗಾಳಿ ನೀರಿಗೆ ಜಾಗ ಬಿಟ್ಟುಕೊಡುತ್ತಿತ್ತು. ಅವನು ಕಿಟಕಿಯಾಚೆ ಆ ಎಂಟು ಅಂತಸ್ತಿನ ಗೋಪುರವನ್ನು ತಳದಿಂದ ತುದಿಯವರೆಗೆ ನೋಡಿದ.

ಆಮೇಲೆ ಬಾಟಲಿಯ ಮುಚ್ಚಳ ಹಾಕಬೇಕಿತ್ತು. ಸ್ಟೋರಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಮುಖ ಆಚೆ ತಿರುಗಿಸಿ, ಮುಚ್ಚಳ ಕೊನೆಯ ಸುತ್ತು ಬಿಗಿಯುವವರೆಗೂ ಉಸಿರು ಬಿಡಲಿಲ್ಲ.